ಪದೇ ಪದೇ ಮರಳುವ ಸೋರಿಯಾಸಿಸ್‌ಗೆ ಬೆಳಕಿನ ಚಿಕಿತ್ಸೆ ಮಾಡಿಸಿಕೊಳ್ಳಬಹುದೇ?

ಮಾಡಿಸಿಕೊಳ್ಳಬಹುದು. ಆದರೆ ವೈದ್ಯರಿಗೆ ಹೂಂ ಎನ್ನುವ ಮೊದಲು ಕ್ಯಾಲೆಂಡರ್ ತೆಗೆದು ಮುಂದಿನ ಮೂರು ತಿಂಗಳನ್ನು ನೋಡಿ. ವಾರಕ್ಕೆ ಮೂರು ದಿನ, ಕನಿಷ್ಠ ಎರಡು ದಿನ, ತಪ್ಪದೆ ಹೋಗಲು ನಿಮ್ಮಿಂದ ಆಗುತ್ತದೆಯೇ? ನನ್ನ ಅನುಭವದಲ್ಲಿ ಈ ಚಿಕಿತ್ಸೆ ಫಲಿಸುವುದೂ ಕೆಡುವುದೂ ಅಲ್ಲಿಯೇ.

ಆರು ವರ್ಷಗಳಿಂದ ಮೊಣಕೈ, ಮೊಣಕಾಲು, ಬೆನ್ನಿನ ಮೇಲೆ ಸೋರಿಯಾಸಿಸ್ ಇದೆ, ಮುಲಾಮು ಹಚ್ಚಿದರೆ ಇಳಿಯುತ್ತದೆ, ಬಿಟ್ಟ ತಿಂಗಳಿಗೆ ಮತ್ತೆ ಹಾಜರಾಗುತ್ತದೆ ಎಂದು ಬರೆದಿದ್ದೀರಿ. ಬೆಳಕು ಕೊಡಿಸಿಕೊಂಡರೆ ಶಾಶ್ವತವಾಗಿ ಹೋಗುತ್ತದೆಯೇ, ಕ್ಯಾನ್ಸರ್ ಬರುವುದಿಲ್ಲವೇ ಎಂಬ ಎರಡು ಅನುಮಾನ ನಿಮ್ಮವು. ನಾನು ವೈದ್ಯನಲ್ಲ, ಹದಿನಾಲ್ಕು ವರ್ಷಗಳ ಹಳೆಯ ರೋಗಿ. ಎರಡು ಬಾರಿ ಆ ಪೆಟ್ಟಿಗೆಯೊಳಗೆ ನಿಂತು ಬಂದಿದ್ದೇನೆ. ಮೊದಲ ಬಾರಿ ಅರ್ಧಕ್ಕೆ ಬಿಟ್ಟೆ, ಎರಡನೆಯ ಬಾರಿ ಪೂರ್ತಿ ಮಾಡಿದೆ.

ಶಾಶ್ವತವಾಗಿ ಹೋಗುವುದಿಲ್ಲ. ಆರೋಗ್ಯವಂತ ಚರ್ಮದಲ್ಲಿ ಹೊಸ ಜೀವಕೋಶ ಕೆಳಪದರದಿಂದ ಮೇಲೆ ಬಂದು ಉದುರಲು ಸುಮಾರು ಒಂದು ತಿಂಗಳು ಬೇಕು. ನಮ್ಮ ಕಲೆಗಳಲ್ಲಿ ಆ ಪಯಣ ಕೆಲವೇ ದಿನಗಳಲ್ಲಿ ಮುಗಿದು, ಉದುರಲು ಪುರುಸೊತ್ತಿಲ್ಲದೆ ಒಂದರ ಮೇಲೊಂದು ಹುರುಪೆ ಕಟ್ಟುತ್ತದೆ. ಹಾಗೆ ಅವಸರಪಡಿಸುವುದು ನಮ್ಮದೇ ರೋಗನಿರೋಧಕ ವ್ಯವಸ್ಥೆ. ಮುಲಾಮು ಆ ಗಲಾಟೆಯನ್ನು ಅಡಗಿಸುತ್ತದೆ, ಬೆಳಕೂ ಅಡಗಿಸುತ್ತದೆ. "ವಾಸಿಯಾಯಿತು" ಎನ್ನುವುದನ್ನು ಬಿಟ್ಟು "ಅಡಗಿದೆ" ಎನ್ನಲು ಕಲಿಯುವುದಕ್ಕೆ ನನಗೆ ಐದು ವರ್ಷ ಹಿಡಿಯಿತು. ಅದನ್ನು ಕಲಿತ ಮೇಲೆ ಪ್ರತಿ ಸಲ ಮರಳಿದಾಗಲೂ ಎದೆ ಒಡೆದುಕೊಳ್ಳುವುದು ತಪ್ಪಿತು.

ಈಗ ಸಾಮಾನ್ಯವಾಗಿ ಕೊಡುವುದು ನ್ಯಾರೋಬ್ಯಾಂಡ್ ಯುವಿಬಿ ಎಂಬ ಅತಿನೇರಳೆ ಬೆಳಕು. 311 ನ್ಯಾನೋಮೀಟರ್ ಆಸುಪಾಸಿನ ಸಣ್ಣ ಪಟ್ಟಿಯಷ್ಟು ಬೆಳಕನ್ನೇ ಆ ದೀಪಗಳು ಹೊರಸೂಸುತ್ತವೆ. ಚರ್ಮದಲ್ಲಿ ಕೆರಳಿ ಕುಳಿತ ರೋಗನಿರೋಧಕ ಕೋಶಗಳನ್ನು ಅದು ತಣ್ಣಗಾಗಿಸುತ್ತದೆ. "ಅದಕ್ಕೆ ಆಸ್ಪತ್ರೆ ಏಕೆ, ಬಿಸಿಲಿಗೆ ಕುಳಿತರೆ ಸಾಲದೇ?" ಎಂದು ಹೇಳುವವರು ನಿಮಗೂ ಸಿಕ್ಕಿರುತ್ತಾರೆ. ಬಿಸಿಲಿನಿಂದ ಹಲವರಿಗೆ ಗುಣ ಕಾಣುವುದು ನಿಜ, ಆದರೆ ಬಿಸಿಲಿಗೆ ಅಳತೆಯಿಲ್ಲ. ಚರ್ಮ ಸುಟ್ಟರೆ ಸುಟ್ಟ ಜಾಗದಲ್ಲಿಯೇ ಹೊಸ ಕಲೆ ಏಳಬಹುದು. ಗೀರು, ಗಾಯ, ಸುಟ್ಟ ಗುರುತುಗಳ ಮೇಲೆ ಸೋರಿಯಾಸಿಸ್ ಮೂಡುವ ಈ ಗುಣಕ್ಕೆ ಕೋಬ್ನರ್ ಪರಿಣಾಮ ಎಂಬ ಹೆಸರೇ ಇದೆ. ಮೈಬಣ್ಣ ಕಂದಾಗಿಸಲು ಬಳಸುವ ಟ್ಯಾನಿಂಗ್ ಯಂತ್ರಗಳೂ ಬೇಡ. ಅವುಗಳಿಂದ ಬರುವುದು ಹೆಚ್ಚಾಗಿ ಬೇರೆ ಬಗೆಯ ಕಿರಣ, ಯುವಿಎ.

ಪೆಟ್ಟಿಗೆ ಎಂದೆನಲ್ಲ, ಅದು ಆಳೆತ್ತರದ ಟ್ಯೂಬ್‌ಲೈಟುಗಳನ್ನು ಸುತ್ತ ನಿಲ್ಲಿಸಿದ ಕಪಾಟು. ಬಟ್ಟೆ ಕಳಚಿ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿ, ಗಂಡಸರು ಜನನಾಂಗ ಮುಚ್ಚಿಕೊಂಡು, ಮುಖದಲ್ಲಿ ಕಲೆ ಇಲ್ಲದಿದ್ದರೆ ಅದನ್ನೂ ಮುಚ್ಚಿಕೊಂಡು ನಡುವೆ ನಿಲ್ಲಬೇಕು. ಫ್ಯಾನ್ ಗುಂಯ್ ಎನ್ನುತ್ತದೆ, ನೀಲಿ ಬೆಳಕು ಬರುತ್ತದೆ, ಏನಾಗುತ್ತಿದೆ ಎಂದು ಯೋಚಿಸುವಷ್ಟರಲ್ಲಿ ಆರಿಹೋಗುತ್ತದೆ. ನನಗೆ ಮೊದಲ ದಿನ ಕೊಟ್ಟದ್ದು ಒಂದು ನಿಮಿಷಕ್ಕೂ ಕಡಿಮೆ. ಇಷ್ಟಕ್ಕೇ ಇಷ್ಟು ದೂರ ಬಂದೆನೇ ಎನಿಸಿತು. ನಿಮ್ಮ ಚರ್ಮ ಎಷ್ಟು ತಡೆಯುತ್ತದೆ ಎಂದು ನೋಡಿಕೊಂಡು ಪ್ರತಿ ಸಲ ಸ್ವಲ್ಪ ಸ್ವಲ್ಪ ಏರಿಸುತ್ತಾರೆ. ಬೆಳಕಿಗೆ ಚರ್ಮ ಕೆಂಪಾಗುವುದು ಅಲ್ಲಿಯೇ ಅಲ್ಲ, ಹಲವು ಗಂಟೆ ಕಳೆದ ಮೇಲೆ. ಹಾಗಾಗಿ ಹಿಂದಿನ ರಾತ್ರಿ ಮೈ ಉರಿದಿದ್ದರೆ ಮರೆಯದೆ ಹೇಳಿ. ಅದನ್ನು ಕೇಳಿಯೇ ಮುಂದಿನ ಅಳತೆ ನಿರ್ಧರಿಸುತ್ತಾರೆ.

ಇಲ್ಲಿ ನನ್ನ ಪೆದ್ದುತನವೊಂದನ್ನು ಹೇಳಬೇಕು. ಹದಿನೈದು ಸಲ ಉದ್ದನೆಯ ಕಾಲುಚೀಲ ಹಾಕಿಕೊಂಡೇ ನಿಂತಿದ್ದವನು ಹದಿನಾರನೆಯ ಸಲ ಗಿಡ್ಡದ್ದನ್ನು ಹಾಕಿಕೊಂಡು ಹೋದೆ. ಉಳಿದ ಮೈಯೆಲ್ಲ ಆ ಹೊತ್ತಿಗೆ ಬೆಳಕಿಗೆ ಪಳಗಿತ್ತು. ಹೊಸದಾಗಿ ತೆರೆದುಕೊಂಡ ನಾಲ್ಕು ಬೆರಳಗಲದ ಚರ್ಮಕ್ಕೆ ಮಾತ್ರ ಅದು ಮೊದಲ ದಿನ. ರಾತ್ರಿ ಎರಡೂ ಕಣಕಾಲಿನ ಸುತ್ತ ಗೆರೆ ಎಳೆದಂತೆ ಕೆಂಪು ಬಳೆ ಎದ್ದಿತ್ತು, ಹೊದಿಕೆ ತಾಗಿದರೂ ಉರಿ. ಮೊದಲ ದಿನ ಏನು ಧರಿಸಿ ನಿಲ್ಲುತ್ತೀರೋ ಕೊನೆಯ ದಿನದವರೆಗೂ ಅದನ್ನೇ ಧರಿಸಿ. ತಲೆಗೂದಲು ತೀರಾ ಗಿಡ್ಡ ಮಾಡಿಸಿಕೊಂಡರೆ ಕತ್ತಿನ ಹಿಂಭಾಗಕ್ಕೂ ಇದೇ ಗತಿ.

ಮುಲಾಮುಗಳ ವಿಷಯದಲ್ಲಿಯೂ ಹೊತ್ತು ನೋಡಬೇಕು. ಸ್ಯಾಲಿಸಿಲಿಕ್ ಆಮ್ಲವಿರುವ ಮುಲಾಮನ್ನು ಹಚ್ಚಿಕೊಂಡು ಹೋದರೆ ಅದು ಬೆಳಕನ್ನು ತಡೆಯುತ್ತದೆ. ಕ್ಯಾಲ್ಸಿಪೊಟ್ರಿಯಾಲ್ ಎಂಬ ಇನ್ನೊಂದು ಮುಲಾಮು ಬೆಳಕು ಬಿದ್ದರೆ ಕೆಡುತ್ತದೆ, ಮನೆಗೆ ಬಂದ ಮೇಲೆ ಹಚ್ಚಬೇಕು.

ನನಗೆ ಮೊದಲು ಹೋದದ್ದು ಹುರುಪೆ. ಎಂಟು ಹತ್ತು ಸಲದ ಹೊತ್ತಿಗೆ ಬೆಳಿಗ್ಗೆ ಹಾಸಿಗೆ ಕೊಡವುವಾಗ ಉದುರುವ ಪುಡಿ ಕಡಿಮೆಯಾಯಿತು, ಆಮೇಲೆ ದಪ್ಪ ಇಳಿಯಿತು, ಕೆಂಪು ಹೋಗಲು ಇನ್ನೂ ಸಮಯ ಹಿಡಿಯಿತು. ಹೆಚ್ಚಿನವರಿಗೆ 20ರಿಂದ 36 ಸಲ ಬೇಕಾಗುತ್ತದೆ. ನನಗೆ 28 ಆಯಿತು. ನಂತರ ಒಂಬತ್ತು ತಿಂಗಳು ನೆಮ್ಮದಿ. ಮೊದಲ ಬಾರಿ ಹನ್ನೊಂದಕ್ಕೇ "ಏನೂ ಆಗಲಿಲ್ಲ" ಎಂದು ಬಿಟ್ಟಿದ್ದೆ. ಅದಕ್ಕೂ ಮೊದಲು ನಡುನಡುವೆ ವಾರಗಟ್ಟಲೆ ತಪ್ಪಿಸಿಕೊಂಡಿದ್ದೆ; ತಪ್ಪಿಸಿಕೊಂಡಾಗಲೆಲ್ಲ ಅಳತೆಯನ್ನು ಮತ್ತೆ ಇಳಿಸುತ್ತಾರೆ, ಹತ್ತಿದ ಮೆಟ್ಟಿಲನ್ನೇ ಹತ್ತಿದಂತೆ. ಬೆಳಕನ್ನು ದೂರಿದೆ, ನನ್ನ ಹಾಜರಿಯನ್ನು ನೋಡಿಕೊಳ್ಳಲಿಲ್ಲ.

ನೆತ್ತಿಯ ಕಲೆಗೆ ಕೂದಲು ಅಡ್ಡ, ಕಂಕುಳು ತೊಡೆಸಂದಿಗೆ ಬೆಳಕು ತಲುಪುವುದಿಲ್ಲ, ಉಗುರಿಗೆ ಹೆಚ್ಚು ಪ್ರಯೋಜನವಿಲ್ಲ. ಬೆಳಿಗ್ಗೆ ಏಳುವಾಗ ಬೆರಳ ಗಂಟುಗಳು ಬಿಗಿದುಕೊಂಡಿದ್ದರೆ, ಬೆರಳು ಇಡಿಯಾಗಿ ಊದಿದ್ದರೆ, ಚರ್ಮದ ಮಾತು ಬದಿಗಿಟ್ಟು ಅದನ್ನು ಮೊದಲು ಹೇಳಿ. ಸೋರಿಯಾಸಿಸ್ ಕೀಲುಗಳನ್ನೂ ಹಿಡಿಯುತ್ತದೆ. ತಡ ಮಾಡಿದರೆ ಕೀಲಿಗೆ ಆದ ಹಾನಿ ಹಿಂದಿರುಗುವುದಿಲ್ಲ, ಬೆಳಕಿನಿಂದ ಅದಕ್ಕೆ ಉಪಯೋಗವೂ ಇಲ್ಲ.

ಕ್ಯಾನ್ಸರ್ ಭಯ ಎಲ್ಲಿಂದ ಬಂತು ಎಂದು ನನಗೆ ಗೊತ್ತು. 1970ರ ದಶಕದಿಂದ ಪುವಾ ಎಂಬ ಇನ್ನೊಂದು ವಿಧಾನವಿದೆ: ಚರ್ಮವನ್ನು ಬೆಳಕಿಗೆ ಸೂಕ್ಷ್ಮವಾಗಿಸುವ ಸೋರಾಲೆನ್ ಮಾತ್ರೆ ಕೊಟ್ಟು ಯುವಿಎ ಬೆಳಕು ಹಾಯಿಸುವುದು. ಅದನ್ನು ನೂರಾರು ಸಲ ಮಾಡಿಸಿಕೊಂಡವರಲ್ಲಿ, ಅದರಲ್ಲಿಯೂ ಬಿಳಿ ಚರ್ಮದವರಲ್ಲಿ, ಚರ್ಮದ ಕ್ಯಾನ್ಸರ್ ಹೆಚ್ಚಿದ್ದು ನಿಜ. ನ್ಯಾರೋಬ್ಯಾಂಡ್ ಯುವಿಬಿಯಲ್ಲಿ ಅಂಥ ಸ್ಪಷ್ಟ ಏರಿಕೆ ಈವರೆಗಿನ ಅಧ್ಯಯನಗಳಲ್ಲಿ ಕಂಡಿಲ್ಲ. ಹಾಗೆಂದು ಲೆಕ್ಕವಿಲ್ಲದೆ ಹಾಯಿಸಿಕೊಳ್ಳುವಂತಿಲ್ಲ. ಜೀವಮಾನದಲ್ಲಿ ಒಟ್ಟು ಎಷ್ಟು ಸಲ ಆಯಿತು ಎಂಬುದನ್ನು ನೀವೇ ಬರೆದಿಟ್ಟುಕೊಳ್ಳಿ. ಆಸ್ಪತ್ರೆ ಬದಲಾದರೆ ಹಳೆಯ ಕಡತ ಹಿಂದೆಯೇ ಬರುವುದಿಲ್ಲ. ನಿಮಗೆ ಕೊಡುವುದು ಎರಡರಲ್ಲಿ ಯಾವುದು ಎಂದು ಮೊದಲ ದಿನವೇ ಕೇಳಿ. ಲೂಪಸ್ (ರೋಗನಿರೋಧಕ ವ್ಯವಸ್ಥೆ ಸ್ವಂತ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆ) ಇರುವವರಿಗೆ, ಚರ್ಮದ ಕ್ಯಾನ್ಸರ್ ಒಮ್ಮೆ ಬಂದುಹೋದವರಿಗೆ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸೈಕ್ಲೋಸ್ಪೊರಿನ್ ಔಷಧಿ ತೆಗೆದುಕೊಳ್ಳುವವರಿಗೆ ಲೆಕ್ಕಾಚಾರ ಬೇರೆಯೇ. ಡಾಕ್ಸಿಸೈಕ್ಲಿನ್‌ನಂಥ ಕೆಲವು ಮಾತ್ರೆಗಳು ಚರ್ಮವನ್ನು ಬೆಳಕಿಗೆ ಸೂಕ್ಷ್ಮವಾಗಿಸುತ್ತವೆ, ಆದ್ದರಿಂದ ನುಂಗುವ ಎಲ್ಲದರ ಪಟ್ಟಿ ಜೊತೆಗಿರಲಿ.

ಆ ಪಟ್ಟಿಯಿಂದ ಇನ್ನೊಂದು ಲಾಭವಿದೆ. ರಕ್ತದೊತ್ತಡಕ್ಕೆ ಕೊಡುವ ಕೆಲವು ಬೀಟಾ ಬ್ಲಾಕರ್ ಮಾತ್ರೆಗಳು, ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ, ಕೆಲವು ಮಲೇರಿಯಾ ಮಾತ್ರೆಗಳು ಸೋರಿಯಾಸಿಸ್ ಅನ್ನು ಕೆರಳಿಸಬಲ್ಲವು. ಗಂಟಲು ಸೋಂಕು, ಧೂಮಪಾನ, ಮದ್ಯ, ನಿದ್ದೆಗೆಟ್ಟ ವಾರಗಳೂ ಅಷ್ಟೇ. ನನ್ನದು ಬಹುಪಾಲು ಗಂಟಲು ನೋವಿನ ಬೆನ್ನಿಗೇ ಏಳುತ್ತದೆ, ದಿನಚರಿ ಬರೆದದ್ದರಿಂದ ತಿಳಿಯಿತು. ಬೇಗ ಇಳಿಯಲೆಂದು ಸ್ಟೀರಾಯ್ಡ್ ಮಾತ್ರೆ ಯಾರಾದರೂ ಕೊಟ್ಟರೆ ಚರ್ಮವೈದ್ಯರನ್ನು ಕೇಳದೆ ನುಂಗಬೇಡಿ. ನಿಲ್ಲಿಸಿದಾಗ ಮೊದಲಿಗಿಂತ ಭೀಕರವಾಗಿ ಮರಳಬಹುದು.

ವಾರಕ್ಕೆ ಎರಡು ಮೂರು ದಿನ ಹೋಗುವುದು ಸಾಧ್ಯವೇ ಇಲ್ಲವೆಂದರೆ ಅದನ್ನು ಮುಚ್ಚುಮರೆಯಿಲ್ಲದೆ ವೈದ್ಯರಿಗೆ ಹೇಳಿ. ಅವರ ಉಸ್ತುವಾರಿಯಲ್ಲಿ ಮನೆಯಲ್ಲಿಯೇ ಬಳಸುವ ಯಂತ್ರಗಳಿವೆ, ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳುವ ಮೆಥೊಟ್ರೆಕ್ಸೇಟ್ ಎಂಬ ಔಷಧಿ ಇದೆ, ಚುಚ್ಚುಮದ್ದುಗಳಿವೆ. ಹೋಗುವುದೇ ಆದರೆ, ಒಂದೇ ಬಗೆಯ ಕಾಲುಚೀಲ ಎರಡು ಜೊತೆ ಕೊಂಡಿಟ್ಟುಕೊಳ್ಳಿ.