ಲಾವಂಚ: ಬದುವಿನ ಸಾಲು ಬೇರೆ, ಬೇರಿನ ಮಡಿ ಬೇರೆ

ಇಳಿಜಾರಿನ ಹೊಲದಲ್ಲಿ ಮಣ್ಣು ಕೊಚ್ಚಿಹೋಗುತ್ತಿದೆ, ಬದುವಿಗೆ ಲಾವಂಚ ನೆಟ್ಟು ಎರಡು ವರ್ಷದ ನಂತರ ಬೇರು ಅಗೆದು ಎಣ್ಣೆ ತೆಗೆಯುವವರಿಗೆ ಮಾರಬಹುದೇ, ಅದು ಬೆಳೆಯೊಳಗೆ ಹಬ್ಬುತ್ತದೆಯೇ ಎಂದು ಕೇಳಿದ್ದೀರಿ. ನೆಡಿ, ಖಂಡಿತ ನೆಡಿ. ಆದರೆ ಬದುವಿಗೆ ನೆಟ್ಟಿದ್ದನ್ನು ಮಾತ್ರ ಅಗೆಯಬೇಡಿ.

ಈ ಹುಲ್ಲಿನ ಬಲವೆಲ್ಲ ಬೇರಿನಲ್ಲಿದೆ. ಸಡಿಲವಾದ ಒಳ್ಳೆಯ ಮಣ್ಣು ಸಿಕ್ಕರೆ ಅದು ಮೊದಲ ವರ್ಷದಲ್ಲೇ 3 ಮೀಟರ್ ಆಳಕ್ಕೆ ಇಳಿಯಬಲ್ಲದು. ಮೇಲೆ ಒತ್ತಾಗಿ ಕೂಡಿಕೊಂಡ ಬುಡಗಳು ಹರಿದು ಬರುವ ನೀರಿನ ಓಟ ಮುರಿಯುತ್ತವೆ. ನೀರು ಸೋಸಿಕೊಂಡು ಕೆಳಗಿಳಿಯುತ್ತದೆ, ಮಣ್ಣು ಸಾಲಿನ ಮೇಲ್ಬದಿಯಲ್ಲಿ ಉಳಿಯುತ್ತದೆ. ಆ ಮಣ್ಣಿನಲ್ಲಿ ಹೂತುಹೋದ ಗೆಣ್ಣುಗಳಿಂದ ಹೊಸ ಬೇರು ಹೊರಟು ಬುಡವೂ ಮಣ್ಣಿನೊಂದಿಗೆ ಮೇಲೇರುತ್ತದೆ. ಕೆಲವು ವರ್ಷಗಳಲ್ಲಿ ಹೊಲಕ್ಕೆ ತಾನಾಗಿಯೇ ಮೆಟ್ಟಿಲು ಬೀಳುತ್ತದೆ. ಇಂಥ ಸಾಲನ್ನು ಬೇರಿನ ಆಸೆಗೆ ಅಗೆದರೆ ಉಳಿಯುವುದು ಉದ್ದಕ್ಕೂ ಸಡಿಲ ಮಣ್ಣಿನ ಗುಂಡಿ. ಮುಂದಿನ ಮಳೆ ಹೊಲವನ್ನು ಅಲ್ಲಿಂದಲೇ ಒಡೆಯುತ್ತದೆ. ಲಾವಂಚದ ಎಣ್ಣೆಗೆ ಹೆಸರಾದ ಹೈಟಿ ಮತ್ತು ಜಾವಾದಲ್ಲೂ ಇಳಿಜಾರಿನಲ್ಲಿ ಬೇರು ಕೀಳುವುದರಿಂದ ಮಣ್ಣಿನ ಸವಕಳಿ ಹೆಚ್ಚಿದೆ.

ಬೇರು ಬೇಕೇ ಬೇಕು ಎಂದಾದರೆ ಸಮತಟ್ಟಾದ, ಮರಳು ಮಿಶ್ರಿತ ಜಾಗದಲ್ಲಿ ಪ್ರತ್ಯೇಕ ಮಡಿ ಮಾಡಿ. 15ರಿಂದ 18 ತಿಂಗಳಿಗೆ ಬೇರು ಕೊಯ್ಲಿಗೆ ಬರುತ್ತದೆ. ಜಿಗುಟು ಮಣ್ಣಿನಲ್ಲಿ ಅರ್ಧ ಬೇರು ತುಂಡಾಗಿ ಒಳಗೇ ಉಳಿಯುತ್ತದೆ. ಒಣ ಬೇರಿನಿಂದ ಸಿಗುವ ಎಣ್ಣೆ ಶೇಕಡಾ 1ರ ಆಸುಪಾಸು ಮಾತ್ರ, ಅದೂ ಸುಲಭವಾಗಿ ಆವಿಯಾಗದ ಭಾರವಾದ ಎಣ್ಣೆ; ಬಟ್ಟಿ ಇಳಿಸಲು ಬಹಳ ಹೊತ್ತು ಬೇಕು. ಆದ್ದರಿಂದ ಕೊಳ್ಳುವವರನ್ನು ಗೊತ್ತುಮಾಡಿಕೊಂಡ ಮೇಲೆಯೇ ಇದಕ್ಕೆ ಕೈಹಾಕಿ.

ಹಬ್ಬುವ ಭಯಕ್ಕೆ ಉತ್ತರ ತಳಿಯಲ್ಲಿದೆ. ಲಾವಂಚಕ್ಕೆ ಗರಿಕೆಯಂತೆ ನೆಲದಲ್ಲಿ ಓಡುವ ಬಳ್ಳಿಯಿಲ್ಲ. ದಕ್ಷಿಣ ಭಾರತದ ಕೃಷಿ ತಳಿಗಳು ಮೊಳೆಯುವ ಬೀಜ ಕಟ್ಟುವುದಿಲ್ಲ, ಉತ್ತರದ ಕಾಡು ಬಗೆ ಕಟ್ಟುತ್ತದೆ. ಬೀಜದಿಂದ ಬೆಳೆಸಿದ ಸಸಿ ಯಾರಾದರೂ ಕೊಟ್ಟರೆ ಬೇಡವೆನ್ನಿ. ಬುಡ ಸೀಳಿ ತೆಗೆದ ತೆಂಡೆಗಳನ್ನೇ, ಅಂದರೆ ಬುಡದಿಂದ ಒಡೆದ ಮರಿಗಳನ್ನೇ ಕೇಳಿ.

ನಾಟಿಗೆ ಮಳೆಗಾಲದ ಆರಂಭ ಒಳ್ಳೆಯದು. ಹಳೆಯ ಬುಡವನ್ನು ಎರಡು ಮೂರು ತೆಂಡೆಗಳಿರುವಂತೆ ಸೀಳಿ, ಎಲೆಯನ್ನು ಒಂದು ಗೇಣಿಗೆ, ಬೇರನ್ನು ನಾಲ್ಕು ಬೆರಳಿಗೆ ಕತ್ತರಿಸಿ. ಬಿಸಿಲಿಗೆ ಬಿಡದೆ ಸಗಣಿ ಬಗ್ಗಡದಲ್ಲಿ ಅದ್ದಿ ಅಂದೇ ನೆಡಿ. ಬುಡದಿಂದ ಬುಡಕ್ಕೆ 10ರಿಂದ 15 ಸೆಂಟಿಮೀಟರ್ ಇರಲಿ. ಸಸಿ ಉಳಿಸಲು ಅಂತರ ಹೆಚ್ಚಿಸಿದರೆ ಸಾಲು ಕೂಡಿಕೊಳ್ಳುವುದು ತಡವಾಗುತ್ತದೆ, ಅಷ್ಟರಲ್ಲಿ ಸಂದುಗಳಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ. ಸಾಲು ಮಟ್ಟವಾಗಿರಬೇಕು, ಇದರಲ್ಲಿ ಕಣ್ಣಂದಾಜನ್ನು ನಂಬಬೇಡಿ. ನೀರು ತುಂಬಿದ ಪಾರದರ್ಶಕ ಪೈಪ್ ಹಿಡಿದು ಗುರುತು ಹಾಕಿಕೊಂಡರೆ ಸಾಕು. ನಿಮ್ಮ ಬದು ಎಲ್ಲಾದರೂ ಇಳಿದಿದ್ದರೆ ಬದುವನ್ನು ಬಿಟ್ಟು ಮಟ್ಟದ ಗುರುತನ್ನೇ ಹಿಡಿಯಿರಿ.

ಒಮ್ಮೆ ಬೇರೂರಿದ ಲಾವಂಚ ಬರಗಾಲವನ್ನೂ ತಾಳಿಕೊಳ್ಳುತ್ತದೆ, ನಿಂತ ನೀರನ್ನೂ ತಾಳಿಕೊಳ್ಳುತ್ತದೆ. ತಾಳದಿರುವುದು ನೆರಳನ್ನು. ಮರದ ಕೆಳಗೆ ಸಾಲು ಹಾಯುವಲ್ಲಿ ಕೊಂಬೆ ಸವರಿ ಬೆಳಕು ಬಿಡಿ, ಆಗದಿದ್ದರೆ ಅಷ್ಟು ಜಾಗಕ್ಕೆ ಕಲ್ಲು ಜೋಡಿಸಿ. ನಾಲ್ಕೈದು ತಿಂಗಳಾದ ಮೇಲೆ ಮೊಣಕಾಲೆತ್ತರಕ್ಕೆ ಸವರಿದರೆ ತೆಂಡೆ ಹೆಚ್ಚುತ್ತದೆ. ಎಳೆಯ ಎಲೆಯನ್ನು ದನ ತಿನ್ನುತ್ತದೆ. ಬಲಿತದ್ದು ಒರಟು, ಬೆಳೆಯ ಬುಡಕ್ಕೆ ಹೊದಿಸಲು ಚೆನ್ನ. ಮೆಕ್ಕೆಜೋಳ ಹಾಕುವವರಿಗೆ ಇನ್ನೊಂದು ಲಾಭವಿದೆ: ಕಾಂಡಕೊರಕದ ಪತಂಗ ಲಾವಂಚದ ಮೇಲೆ ಮೊಟ್ಟೆಯಿಡಲು ಇಷ್ಟಪಡುತ್ತದೆ, ಆದರೆ ಮರಿಹುಳು ಅದರಲ್ಲಿ ಬದುಕುವುದಿಲ್ಲ.

ಮೊದಲ ವರ್ಷ ದನ ಬಿಡಬೇಡಿ, ಸಾಲಿನ ಕಳೆ ತೆಗೆಯಿರಿ. ಜೋರು ಮಳೆ ನಿಂತ ಕೂಡಲೇ ಸಾಲಿನುದ್ದಕ್ಕೂ ನಡೆದು ನೋಡಿ. ನೀರು ನುಗ್ಗಿದಲ್ಲಿ ಬುಡದ ಕೆಳಗೆ ಮಣ್ಣು ಕೊರೆದು ಬಿಳಿ ಬೇರು ಕಾಣುತ್ತಿರುತ್ತದೆ. ಅಲ್ಲಿಗೆ ಮಣ್ಣು ತುಂಬಿ, ಎರಡೆರಡು ಸಸಿ ಒತ್ತಾಗಿ ನೆಟ್ಟು ಕಾಲಿನಿಂದ ಗಟ್ಟಿಯಾಗಿ ತುಳಿಯಿರಿ. ಇದಕ್ಕೆಂದೇ ಹತ್ತಿಪ್ಪತ್ತು ಸಸಿಗಳನ್ನು ಮೂಲೆಯಲ್ಲಿ ಬೆಳೆಸಿಕೊಂಡಿರಿ.