ಅಜ್ಜಿಯ ಮುಖ ಚಪ್ಪಟೆಯಾಗಿ ಬರುತ್ತಿರುವುದಕ್ಕೆ

ಬದಿಯಡ್ಕದ ಹಂಚಿನ ಮನೆಯ ಜಗಲಿಯಲ್ಲಿ ತೆಗೆದ ಅಜ್ಜಿಯ ಫೋಟೋದಲ್ಲಿ ಭಾವವೇ ಇಲ್ಲ ಅಂದಿರಿ. ಅಂಗಳದ ಬೆಳಕು ಎದುರಿಂದ ಬಿದ್ದು ನೆರಿಗೆಗಳ ನೆರಳನ್ನೇ ಅಳಿಸಿದೆ, ಅಷ್ಟೆ.

ಒಳಕೋಣೆಯ ಕಿಟಕಿಯಿಂದ ಮೂರಡಿ ದೂರ ಕೂರಿಸಿ, ಬೆಳಕು ಓರೆಯಾಗಿ ಬೀಳಲಿ. ಕಿಟಕಿಯ ಕೆಳಬಾಗಿಲು ಮುಚ್ಚಿದರೆ ಬೆಳಕು ಮೇಲಿನಿಂದ ಇಳಿಯುತ್ತದೆ. ನೆರಳಿನ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಸಣ್ಣ ತ್ರಿಕೋನದಷ್ಟೇ ಬೆಳಕು ಉಳಿಯುವವರೆಗೆ ಮುಖ ತಿರುಗಿಸಿ. ಗಾಂಭೀರ್ಯ ಅಲ್ಲೇ ಹುಟ್ಟುವುದು. ಆ ಬದಿ ತೀರಾ ಕಪ್ಪಾದರೆ ಅಲ್ಲಿ ಬಿಳಿ ಮುಂಡು (ಪಂಚೆ) ಹಿಡಿಯಿರಿ, ಕಿಟಕಿಯ ಬೆಳಕು ಅದರಿಂದ ಮರಳಿ ಮುಖಕ್ಕೆ ಬೀಳಲಿ. ಮುಂಡನ್ನು ತೀರಾ ಹತ್ತಿರ ತಂದರೆ ಮತ್ತೆ ಚಪ್ಪಟೆಯೇ!

ಟ್ಯೂಬ್‌ಲೈಟ್ ಆಫ್ ಮಾಡಿ, ಇಲ್ಲದಿದ್ದರೆ ಚರ್ಮ ಹಸಿರಾಗಬಹುದು. ಕತ್ತಲ ಕೋಣೆ ನೋಡಿ ಕ್ಯಾಮೆರಾ ಮುಖವನ್ನು ಬೆಳ್ಳಗಾಗಿಸುತ್ತದೆ. ಎಕ್ಸ್‌ಪೋಷರ್ (ಕ್ಯಾಮೆರಾ ಹಿಡಿಯುವ ಬೆಳಕು) ಒಂದು ಸ್ಟಾಪ್, ಅಂದರೆ ಅರ್ಧಕ್ಕೆ, ಇಳಿಸಿ. ಲೆನ್ಸಿನ ತೆರವು ಎಫ್ 2.8, ಶಟರ್ ವೇಗ 1/125 ಸೆಕೆಂಡು ಸಾಕು. ಕಣ್ಣಲ್ಲಿ ಕಿಟಕಿಯ ಬೆಳಕಿನ ಚುಕ್ಕೆ ಕಾಣದೆ ಮಾತ್ರ ಕ್ಲಿಕ್ಕಿಸಬೇಡಿ.