ಐದು ರಸ್ತೆ, ಎರಡು ಗುರಿ: ಚೆಕ್‌ಪೋಸ್ಟ್ ಎಲ್ಲಿ?

ಪ್ರಶ್ನೆ: ಅಕ್ರಮ ಮರಳು ಲಾರಿ ತಡೆಯಲು ಚೆಕ್‌ಪೋಸ್ಟ್ ಎಲ್ಲೆಲ್ಲಿ ಬೇಕೆಂದು ಕಾಲೇಜು ಪ್ರಾಜೆಕ್ಟಿಗೆ ಒಂದು ಮಾದರಿ ಮಾಡಿದ್ದೇನೆ. ನದಿ ದಂಡೆಯಿಂದ ಊರಿಗೆ ಅ, ಆ ಎಂಬ ಎರಡು ಕೂಡುರಸ್ತೆಗಳ ಮೂಲಕ ಐದು ಒಮ್ಮುಖ ರಸ್ತೆಗಳು. ರಾತ್ರಿಗೆ ಹೋಗಬಲ್ಲ ಲಾರಿ, ಮುಚ್ಚಲು ಬೇಕಾದ ತಂಡ ಹೀಗೆ: ದಂಡೆ–ಅ 7 ಲಾರಿ, 4 ತಂಡ, ದಂಡೆ–ಆ 6, 3, ಅ–ಊರು 4, 2, ಅ–ಆ 3, 1, ಆ–ಊರು 9, 5. ಲಾರಿಯೂ ತಗ್ಗಬೇಕು, ತಂಡವೂ ಕಡಿಮೆ ಸಾಕಾಗಬೇಕು. ತಂಡದ ಸಂಖ್ಯೆಯನ್ನು ಒಂದು ತೂಕದಿಂದ ಗುಣಿಸಿ ಲಾರಿಗೆ ಕೂಡಿಸಿ ಕನಿಷ್ಠ ಹುಡುಕಿದರೆ, ತೂಕ 2.1ಕ್ಕೆ 1 ತಂಡ ಸಾಕು ಎನ್ನುತ್ತದೆ, 1.9ಕ್ಕೆ ಒಮ್ಮೆಗೇ 6 ತಂಡ ಕೇಳುತ್ತದೆ. ನಡುವಿನವು ಎಲ್ಲಿ ಹೋದವು?

ಉತ್ತರ: ಪ್ರೋಗ್ರಾಂ ಸರಿಯಿದೆ. ತೂಕ ಹಾಕಿ ಕೂಡಿಸುವ ವಿಧಾನವೇ ಅವನ್ನು ನುಂಗುತ್ತಿದೆ. ಇಂತಿಷ್ಟು ತಂಡ ಹಾಕಿದ ಮೇಲೂ ಊರು ತಲುಪಬಲ್ಲ ಲಾರಿಗಳು ಕನಿಷ್ಠ ಎಷ್ಟು ಎಂಬ ನಿಮ್ಮ ಜಾಲದ ಪೂರ್ತಿ ಲೆಕ್ಕ ಇದು: 0 ತಂಡಕ್ಕೆ 13 ಲಾರಿ, 1ಕ್ಕೆ 10, 2ಕ್ಕೆ 9, 3ಕ್ಕೆ 6, 4ಕ್ಕೆ 4, 5ಕ್ಕೆ 3, 6ಕ್ಕೆ 0. ಗ್ರಾಫ್ ಹಾಳೆಯಲ್ಲಿ ಗುರುತಿಸಿ, 1ರ ಚುಕ್ಕಿಯಿಂದ 6ರ ಚುಕ್ಕಿಗೆ ಸ್ಕೇಲ್ ಇಡಿ. 3 ಮತ್ತು 4 ಗೆರೆಯ ಮೇಲೇ ಕೂರುತ್ತವೆ. ತೂಕ ಕರಾರುವಾಕ್ಕಾಗಿ 2 ಇದ್ದರೆ ಮಾತ್ರ 1 ಮತ್ತು 6ರ ಜೊತೆ ಸಮ ಬರುತ್ತವೆ. 2 ಮತ್ತು 5 ಗೆರೆಗಿಂತ ಎತ್ತರದಲ್ಲಿವೆ; ಯಾವ ತೂಕ ಕೊಟ್ಟರೂ ಸಿಗವು. ಐದೇ ತಂಡ ಇರುವ ಕಚೇರಿಗೆ ಬೇಕಾದದ್ದು ಆ 5ರ ಚುಕ್ಕಿಯೇ!

ತೂಕ ಬಿಟ್ಟುಬಿಡಿ. ತಂಡಕ್ಕೆ ಮಿತಿ ಹಾಕಿ ಲಾರಿಯನ್ನಷ್ಟೇ ಕನಿಷ್ಠಗೊಳಿಸಿ. ಬಂದ ಲಾರಿ ಸಂಖ್ಯೆ ಮೀರದಂತೆ ಕಟ್ಟಿಹಾಕಿ, ಎರಡನೇ ಸುತ್ತಿನಲ್ಲಿ ತಂಡವನ್ನು ಕನಿಷ್ಠಗೊಳಿಸಿ. ಈ ಎರಡನೇ ಸುತ್ತು ಬಿಡಲೇಬೇಡಿ. ಮಿತಿ 15 ಇದ್ದರೆ ಅ–ಊರು, ಆ–ಊರು ಮುಚ್ಚಿ 7 ತಂಡಕ್ಕೆ ಸೊನ್ನೆ ಲಾರಿ ಎಂಬ ಉತ್ತರ ಬರಬಹುದು. ದಂಡೆ–ಆ, ಅ–ಊರು, ಅ–ಆ ಮುಚ್ಚಿದರೆ 6ಕ್ಕೇ ಸೊನ್ನೆ. ಆಮೇಲೆ ಮಿತಿ 5ಕ್ಕಿಳಿಸಿ ಮತ್ತೆ ಓಡಿಸಿ, ಹೀಗೇ 0ವರೆಗೆ. ತಂಡಗಳು ಪೂರ್ಣಸಂಖ್ಯೆಯಾದ್ದರಿಂದ ಒಂದೊಂದೇ ಇಳಿಸಿದರೆ ಯಾವ ಚುಕ್ಕಿಯೂ ತಪ್ಪದು.

ಹಲವರು ಎಡವುವುದು ಕಳೆಯುವ ಲೆಕ್ಕದಲ್ಲಿ. ದಂಡೆ–ಅ, ಅ–ಊರು ಎರಡನ್ನೂ ಮುಚ್ಚಿದರೆ 13ರಲ್ಲಿ 11 ಹೋಗಿ 2 ಉಳಿಯಿತು ಅನ್ನಿಸುತ್ತದೆ. ಉಳಿಯುವುದು 6. ಮೊದಲನೆಯದನ್ನು ಮುಚ್ಚಿದ ಮೇಲೆ ಅ ಕಡೆಗೆ ಲಾರಿಯೇ ಬಾರದು, ಎರಡನೆಯದಕ್ಕೆ ಹಾಕಿದ 2 ತಂಡ ದಂಡ. ಪ್ರತಿ ಆಯ್ಕೆಗೂ ಗರಿಷ್ಠ ಹರಿವನ್ನು, ಅಂದರೆ ತೆರೆದುಳಿದ ರಸ್ತೆಗಳಲ್ಲಿ ಊರು ತಲುಪಬಲ್ಲ ಅತಿ ಹೆಚ್ಚು ಲಾರಿಗಳನ್ನು, ಹೊಸದಾಗಿಯೇ ಲೆಕ್ಕ ಹಾಕಬೇಕು.

ಐದು ರಸ್ತೆಗೆ 32 ಆಯ್ಕೆ, ಕೈಯಲ್ಲೇ ಆಗುತ್ತದೆ. ಐವತ್ತಾದರೆ ಆಗದು. ಆಗ ಗರಿಷ್ಠ ಹರಿವಿನ ಬದಲು ಅದಕ್ಕೆ ಸಮನಾದ ಕನಿಷ್ಠ ಕಡಿತವನ್ನು, ಅಂದರೆ ದಂಡೆಯನ್ನು ಊರಿನಿಂದ ಬೇರ್ಪಡಿಸುವ ರಸ್ತೆಗಳ ಗುಂಪುಗಳಲ್ಲಿ ಒಟ್ಟು ಲಾರಿ ಅತಿ ಕಡಿಮೆ ಇರುವುದನ್ನು, ಬರೆಯಿರಿ. 1955ರಲ್ಲಿ ಅಮೆರಿಕದ ಸಂಶೋಧಕರಾದ ಹ್ಯಾರಿಸ್ ಮತ್ತು ರಾಸ್ ಸೋವಿಯತ್ ರೈಲುಜಾಲಕ್ಕೆ ಹುಡುಕಿದ್ದು ಇದೇ ಕಡಿತ. ಪ್ರತಿ ಕೂಡುರಸ್ತೆಗೂ ಅದು ಕಡಿತದ ದಂಡೆಯ ಬದಿಗಿದ್ದರೆ 0, ಊರಿನ ಬದಿಗಿದ್ದರೆ 1 ಕೊಡಿ; ದಂಡೆಗೆ 0, ಊರಿಗೆ 1. 0ದಿಂದ 1ಕ್ಕೆ ದಾಟುವ ರಸ್ತೆ ಒಂದೋ ಮುಚ್ಚಿರಬೇಕು, ಇಲ್ಲವೇ ಅದರ ಲಾರಿ ಲೆಕ್ಕಕ್ಕೆ ಸೇರಬೇಕು. 1993ರಲ್ಲಿ ಸಂಶೋಧಕ ಕೆವಿನ್ ವುಡ್ ತೋರಿಸಿದ ಈ ರೂಪ, ಪೂರ್ಣಸಂಖ್ಯೆಯ ಉತ್ತರ ಹುಡುಕುವ ಪ್ರೋಗ್ರಾಂ ಆದ ಪೂರ್ಣಾಂಕ ಸಾಲ್ವರ್‌ಗೆ ನೇರವಾಗಿ ಹೋಗುತ್ತದೆ.